ಆಸಿಡ್‌ಗೆ ಬಗ್ಗದ ಉಕ್ಕು: ಹ್ಯಾರಿ ಬ್ರಿಯರ್ಲಿ

ಮಾವಳ್ಳಿಯ ಎಂಟಿಆರ್‌ನ ಕಾಫಿ ಅಂದ್ರೆ ಬೆಳ್ಳಿ ಲೋಟ ನೆನಪಾಗುತ್ತೆ. ಅಲ್ಲಿಂದ ಹೊರಬಂದು ಬೇರೆ ಯಾವ ದರ್ಶಿನಿಗೆ ಹೊಕ್ಕರೂ ಕೈಗೆ ಸಿಗೋದು ಸ್ಟೀಲ್ ಲೋಟ. ಬೆಳ್ಳಿಯನ್ನು ಸುಮ್ಮನೆ ಬಿಟ್ಟರೆ ಕಪ್ಪಾಗುತ್ತೆ, ಆಗಾಗ ಉಜ್ಜಬೇಕು. ಸ್ಟೀಲ್ ಲೋಟ ದಿನವಿಡೀ ನೀರಲ್ಲಿ ಬಿದ್ದು ಎದ್ದರೂ ಹೊಳೀತಾನೇ ಇರುತ್ತೆ. ಈ ಹೊಳಪು ನಮಗೆ ಸಿಗಲು ಕಾರಣರಾದವರಲ್ಲಿ ಒಬ್ಬರು ಇಂಗ್ಲೆಂಡಿನ ಶೆಫೀಲ್ಡ್‌ನ ಹ್ಯಾರಿ ಬ್ರಿಯರ್ಲಿ.

ಹುಟ್ಟಿದ್ದು 1871ರಲ್ಲಿ. ಅಪ್ಪ ಉಕ್ಕು ಕರಗಿಸುವ ಕೂಲಿ, ಮನೆ ತುಂಬ ಮಕ್ಕಳು. 12ನೇ ವಯಸ್ಸಿಗೆ ಶಾಲೆ ಬಿಟ್ಟ ಹುಡುಗನಿಗೆ ಕಾರ್ಖಾನೆಯ ಲ್ಯಾಬಿನಲ್ಲಿ ಸಿಕ್ಕಿದ್ದು ಸೀಸೆ ತೊಳೆಯೋ ಕೆಲಸ. ರಾತ್ರಿ ಕೂತು ರಸಾಯನಶಾಸ್ತ್ರ ಓದಿಕೊಂಡ. 1908ರಲ್ಲಿ ಬ್ರೌನ್ ಫರ್ತ್ ಸಂಶೋಧನಾಲಯ ಶುರುವಾದಾಗ ಅದರ ಮುಖ್ಯಸ್ಥ ಆ ಸೀಸೆ ತೊಳೆಯುವ ಹುಡುಗನೇ. ಡಿಗ್ರಿ ಇರಲಿಲ್ಲ ಅನ್ನೋದನ್ನ ನಾವು ಗಮನಿಸಬೇಕು!

1912ರಲ್ಲಿ ಬಂದೂಕಿನ ನಳಿಗೆ ಬೇಗ ಸವೆಯುತ್ತೆ ಅನ್ನೋ ಸಮಸ್ಯೆ ಅವರ ಮುಂದೆ ಬಂತು. ಉಕ್ಕಿಗೆ ಕ್ರೋಮಿಯಂ ಹೆಚ್ಚಿಸುತ್ತಾ ಹೋದರು. 1913ರ ಆಗಸ್ಟ್ 13ರಂದು ಕರಗಿಸಿದ ಎರಕದಲ್ಲಿ 12.8% ಕ್ರೋಮಿಯಂ, 0.24% ಇಂಗಾಲ. ಮೆಟಲರ್ಜಿ ಲ್ಯಾಬಿನಲ್ಲಿ ನಾವು ಮಾಡೋದನ್ನೇ ಅವರೂ ಮಾಡಿದ್ದು: ತುಂಡನ್ನು ಕನ್ನಡಿ ಥರ ಪಾಲಿಶ್ ಮಾಡಿ, ಆಸಿಡ್ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ನೋಡೋದು. ಆದರೆ ಆಸಿಡ್ ಈ ಉಕ್ಕನ್ನು ಸರಿಯಾಗಿ ಕಚ್ಚಲೇ ಇಲ್ಲ. ನಾವಾಗಿದ್ದರೆ ಆಸಿಡ್ ಹಳೇದು ಅಂತ ಚೆಲ್ಲಿ ಹೊಸದು ತರ್ತಿದ್ವಿ. ಬ್ರಿಯರ್ಲಿ ವಿನೆಗರ್ ಹಾಕಿದರು, ನಿಂಬೆರಸ ಹಾಕಿದರು. ಆಗಲೂ ಕಲೆ ಬೀಳಲಿಲ್ಲ. ಬಂದೂಕು ಬಿಟ್ಟು ಅವರ ತಲೆ ಊಟದ ಚಾಕುವಿನ ಕಡೆ ತಿರುಗಿತು.

ಕಂಪನಿಗೆ ಆಸಕ್ತಿ ಇರಲಿಲ್ಲ. ಚಾಕು ಮಾಡುವವರು ಹಳೇ ಕ್ರಮದಲ್ಲೇ ಕಾಯಿಸಿ ಬಡಿದು ಕೈ ಸುಟ್ಟುಕೊಂಡರು. ಕತ್ತರಿಸದ ಚಾಕು ಕಂಡುಹಿಡಿದವನು ಅಂತ ಅವರನ್ನು ಆಡಿಕೊಂಡರು. ಶಾಖದ ಹದ ಸಿಕ್ಕ ಮೇಲೆ ಚಾಕು ಕತ್ತರಿಸಿತು. ಅಷ್ಟರಲ್ಲಿ ಹಕ್ಕಿನ ಜಗಳ. 1915ರಲ್ಲಿ ಬ್ರಿಯರ್ಲಿ ಕೆಲಸ ಬಿಟ್ಟರು. 1920ರಲ್ಲಿ ಬೆಸಮರ್ ಚಿನ್ನದ ಪದಕ ಬಂತು, 1948ರಲ್ಲಿ ತೀರಿಕೊಂಡರು. ಮೊದಲು ಕಂಡುಹಿಡಿದವರು ಯಾರು ಅನ್ನೋ ವಾದಕ್ಕೆ ಜರ್ಮನಿ, ಅಮೆರಿಕದವರೂ ಇದ್ದಾರೆ. ನಿಕ್ಕಲ್ ಬೆರೆತ ಸ್ಟೀಲಿನ ಪೇಟೆಂಟು ಜರ್ಮನಿಯ ಕ್ರುಪ್ ಕಂಪನಿಯದ್ದು.

ಆಸಿಡ್‌ನ ತಡೆದದ್ದು ಕೆಲವೇ ನ್ಯಾನೋಮೀಟರ್ ದಪ್ಪದ ಕ್ರೋಮಿಯಂ ಆಕ್ಸೈಡ್ ಪೊರೆ. ಗೀರು ಬಿದ್ದರೆ ಗಾಳಿಯ ಆಮ್ಲಜನಕದಿಂದ ತಾನೇ ಮುಚ್ಚಿಕೊಳ್ಳುತ್ತೆ. ಬ್ರಿಯರ್ಲಿ ಹೋಗಿ ಎರಡು ದಶಕ ಕಳೆದ ಮೇಲೆ ಇಂಕೋ ಕಂಪನಿಯವರು ಇದೇ ಪೊರೆಯನ್ನು ಬಿಸಿ ಕ್ರೋಮಿಕ್–ಸಲ್ಫ್ಯೂರಿಕ್ ಆಮ್ಲದಲ್ಲಿ ಬೆಳೆಸಿ ಸ್ಟೀಲಿಗೆ ಬಣ್ಣ ಕೊಟ್ಟರು. ಡೈ ಇಲ್ಲ, ಪೇಂಟ್ ಇಲ್ಲ. ಮಳೆಯಲ್ಲಿ ರಸ್ತೆ ಮೇಲಿನ ಎಣ್ಣೆ ಬಣ್ಣ ಕಾಣಿಸುತ್ತಲ್ಲ, ಅದೇ ಲೆಕ್ಕ. ಪೊರೆ ದಪ್ಪವಾದಂತೆ ಕಂಚು, ನೀಲಿ, ಚಿನ್ನ, ನೇರಳೆ, ಹಸಿರು.

ನಮ್ಮ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಪಕ್ಕ ಮೂಡುವ ನೀಲಿಯೂ ಆಕ್ಸೈಡೇ. ಚೆಂದ ಕಂಡರೂ ಅದು ಬೇರೆ ಕಥೆ: ಅದರಡಿ ಕ್ರೋಮಿಯಂ ಕಮ್ಮಿಯಾಗಿರುತ್ತೆ, ಪಿಕ್ಲಿಂಗ್ ಮಾಡಿ ತೆಗೀದಿದ್ರೆ ತುಕ್ಕು ಅಲ್ಲಿಂದಲೇ ಶುರು. ಕಬ್ಬಿಣದ ವೈರ್ ಬ್ರಷ್‌ನಲ್ಲಂತೂ ಉಜ್ಜಬೇಡಿ. ಅದರ ಕಣಗಳು ಅಂಟಿಕೊಂಡು ಅವೇ ತುಕ್ಕು ಹಿಡಿಯುತ್ತವೆ.