ಹಾರ್ವೆ ವೈಲಿ: ಲೇಬಲ್ಲಿನ ಮಾತಿಗೆ ಪುರಾವೆ ಕೇಳಿದ ಪ್ರಾಧ್ಯಾಪಕ

ಆಹಾರ ಕಲಬೆರಕೆಯ ಪಾಠ ಸಾಮಾನ್ಯವಾಗಿ ಹಾಲಿಗೆ ನೀರು, ಖಾರದ ಪುಡಿಗೆ ಇಟ್ಟಿಗೆ ಪುಡಿ ಎಂಬಲ್ಲಿಗೆ ಮುಗಿಯುತ್ತದೆ. ಪೊಟ್ಟಣದ ಮೇಲೆ ಅಚ್ಚಾದ ಸುಳ್ಳು ಹೆಸರೂ ಸುಳ್ಳು ಊರೂ ಮೋಸವೇ. ಇದನ್ನು ಕಾನೂನಿಗೆ ತರಲು ದುಡಿದವರಲ್ಲಿ ಹಾರ್ವೆ ವಾಷಿಂಗ್ಟನ್ ವೈಲಿ ಪ್ರಮುಖರು.

ವೈಲಿ 1844ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಒಕ್ಕಲು ಮನೆತನದಲ್ಲಿ ಜನಿಸಿದರು. ವೈದ್ಯಕೀಯ ಪದವಿ ಪಡೆದರೂ ಅವರು ಆರಿಸಿಕೊಂಡದ್ದು ಬೋಧನೆಯನ್ನು. 1874ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾದರು. ಎತ್ತರದ ಚಕ್ರದ ಸೈಕಲ್ ಏರುವುದು ಪ್ರಾಧ್ಯಾಪಕರಿಗೆ ಒಪ್ಪುವುದಿಲ್ಲವೆಂದು ಆಡಳಿತ ಮಂಡಳಿ ಆಕ್ಷೇಪಿಸಿದಾಗ ರಾಜೀನಾಮೆಗೆ ಮುಂದಾದರು. ಮಂಡಳಿ ಅದನ್ನು ಸ್ವೀಕರಿಸಲಿಲ್ಲ.

1878ರಲ್ಲಿ ಜರ್ಮನಿಗೆ ಹೋಗಿ ಪೋಲಾರಿಸ್ಕೋಪ್ ಬಳಸಲು ಕಲಿತರು. ಧ್ರುವೀಕೃತ ಬೆಳಕನ್ನು ಸಕ್ಕರೆಯ ದ್ರಾವಣ ಎಷ್ಟು ತಿರುಗಿಸುತ್ತದೆ ಎಂದು ಅಳೆಯುವ ಉಪಕರಣವಿದು. ಮರಳಿ ಬಂದು ಅಂಗಡಿಗಳ ಸಕ್ಕರೆ, ಪಾಕಗಳನ್ನು ಪರೀಕ್ಷಿಸಿದಾಗ ಅನೇಕ ಪಾಕಗಳಲ್ಲಿ ಅಗ್ಗದ ಗ್ಲೂಕೋಸ್ ಬೆರೆತಿತ್ತು. ಗ್ಲೂಕೋಸ್ ವಿಷವಲ್ಲ. ಅದನ್ನು ಬೇರೆ ಹೆಸರಿನಲ್ಲಿ ಮಾರುವುದೇ ತಪ್ಪು ಎಂಬುದು ಅವರ ನಿಲುವಾಗಿತ್ತು.

1883ರಲ್ಲಿ ಅವರು ಕೃಷಿ ಇಲಾಖೆಯ ಮುಖ್ಯ ರಸಾಯನಶಾಸ್ತ್ರಜ್ಞರಾದರು. ಹತ್ತಿಬೀಜದ ಎಣ್ಣೆ ಆಲಿವ್ ಎಣ್ಣೆಯಾಗಿ ಮಾರಾಟವಾಗುತ್ತಿದ್ದ ಕಾಲವದು. 1902ರಿಂದ ಸ್ವಯಂಸೇವಕ ತರುಣರಿಗೆ ಬೋರಾಕ್ಸ್ ಮುಂತಾದ ಸಂರಕ್ಷಕಗಳನ್ನು ಊಟದೊಡನೆ ಕೊಟ್ಟು ಪರಿಣಾಮಗಳನ್ನು ದಾಖಲಿಸಿದರು. ಪತ್ರಿಕೆಗಳು ಇದನ್ನು ವಿಷದ ತಂಡವೆಂದು ಕರೆದವು. 1906ರ ಜೂನ್ 30ರಂದು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಶುದ್ಧ ಆಹಾರ ಮತ್ತು ಔಷಧ ಕಾಯ್ದೆಗೆ ಸಹಿ ಹಾಕಿದರು.

ಪದಾರ್ಥ ತಯಾರಾದ ರಾಜ್ಯ ಅಥವಾ ದೇಶವನ್ನು ತಪ್ಪಾಗಿ ಅಚ್ಚು ಹಾಕುವುದು ಈ ಕಾಯ್ದೆಯಡಿ ಅಪರಾಧವಾಯಿತು. ಆದರೆ ಎಲ್ಲ ಘಟಕಗಳನ್ನೂ ಬರೆಯಲೇಬೇಕೆಂಬ ನಿಯಮ ಅದರಲ್ಲಿರಲಿಲ್ಲ. ಬರೆದದ್ದು ನಿಜವಿರಬೇಕು ಎಂಬ ನಿಯಮವಿತ್ತು. ಜಾರಿಯ ವಿಷಯದಲ್ಲಿ ಮೇಲಧಿಕಾರಿಗಳೊಡನೆ ಹೊಂದಿಕೆಯಾಗದೆ ವೈಲಿ 1912ರಲ್ಲಿ ಹುದ್ದೆ ಬಿಟ್ಟರು. ಕಾಯ್ದೆಗೆ 24 ವರ್ಷ ತುಂಬಿದ ದಿನವೇ, 1930ರ ಜೂನ್ 30ರಂದು, ನಿಧನರಾದರು.

ನಮ್ಮಲ್ಲಿ ಊರಿನ ಹೆಸರಿಗೆ ರಕ್ಷಣೆ ಕೊಡುವುದು 1999ರ ಭೌಗೋಳಿಕ ಸೂಚಕಗಳ ಕಾಯ್ದೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಆ ಮಾನ್ಯತೆ ದೊರೆಯಿತು. ಬೇರೆಡೆಯ ಬೇಳೆ ಈ ಹೆಸರಿನಲ್ಲಿ ಮಾರಾಟವಾದರೆ ಕೊಳ್ಳುವವರ ಜೊತೆಗೆ ಸೇಡಂ, ಚಿತ್ತಾಪುರ, ಚಿಂಚೋಳಿಯ ರೈತರಿಗೂ ನಷ್ಟ.

ಮಳಖೇಡದ ಶಾಲೆಯಲ್ಲಿ ಈ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳು ಮಕ್ಕಳಿಂದ ಖಾಲಿ ಪೊಟ್ಟಣಗಳನ್ನು ತರಿಸಬಹುದು. ಅವುಗಳ ಮೇಲಿನ ಹೇಳಿಕೆಗಳನ್ನು ಕಪ್ಪುಹಲಗೆಯಲ್ಲಿ ಎರಡು ಪಟ್ಟಿ ಮಾಡಿಸಲಿ: ಪ್ರಯೋಗಾಲಯದಲ್ಲಿ ಪರೀಕ್ಷಿಸಬಹುದಾದವು ಒಂದು ಕಡೆ, ಖರೀದಿಯ ದಾಖಲೆ ನೋಡಿಯೇ ತಿಳಿಯಬೇಕಾದವು ಇನ್ನೊಂದು ಕಡೆ. ಪೊಟ್ಟಣ ಕಟ್ಟಿದ ವಿಳಾಸವೂ ಬೆಳೆ ಬೆಳೆದ ಹೊಲವೂ ಒಂದೇ ಅಲ್ಲವೆಂಬುದನ್ನು ಮಕ್ಕಳು ತಾವೇ ಗುರುತಿಸಿದರೆ ಪಾಠದ ಉದ್ದೇಶ ಈಡೇರಿದಂತೆ.