ವಿಠ್ಠಲ ಮಲ್ಯ: ವಿಲಾಯತಿ ವಿಸ್ಕಿಗೆ ದೇಶೀ ಭಟ್ಟಿ

ನೇತ್ರಾವತಿ ದಡದ ಬಂಟ್ವಾಳ ಕಾಸರಗೋಡಿನವರಿಗೆ ಪರವೂರಲ್ಲ. 1956ರವರೆಗೆ ಎರಡೂ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು. ಆ ಊರಿನ ಹೆಸರು ಹೊತ್ತ ಕೊಂಕಣಿ ಮನೆತನದವರು ವಿಠ್ಠಲ ಮಲ್ಯರು. ಸೇನೆಯಲ್ಲಿ ವೈದ್ಯರಾಗಿದ್ದ ಬಂಟ್ವಾಳ ಗಣಪತಿ ಮಲ್ಯರ ಪುತ್ರರಾಗಿ 1924ರ ಫೆಬ್ರವರಿ 8ರಂದು ಢಾಕಾದಲ್ಲಿ ಜನಿಸಿದರು. ಡೂನ್ ಶಾಲೆಯಲ್ಲಿಯೂ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಕಲಿತರು.

ಯುನೈಟೆಡ್ ಬ್ರೂವರೀಸ್ ಎಂಬ ಬಿಯರ್ ಕಂಪೆನಿಯನ್ನು 1915ರಲ್ಲಿ ಕಟ್ಟಿದವರು ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್. ಬ್ರಿಟಿಷರು ಗಂಟುಮೂಟೆ ಕಟ್ಟುವ ಹೊತ್ತಿಗೆ ಮಲ್ಯರು ಅದರ ಶೇರುಗಳನ್ನು ಸದ್ದಿಲ್ಲದೆ ಕೊಂಡರು. 1947ರಲ್ಲಿ ಅದರ ಪ್ರಥಮ ಭಾರತೀಯ ನಿರ್ದೇಶಕರಾದರು. ಮರುವರ್ಷ, 24ರ ಹರೆಯದಲ್ಲಿ, ಅಧ್ಯಕ್ಷರಾದರು. ಅದೇ 1948ರಲ್ಲಿ ಮದರಾಸು ಪ್ರಾಂತದಾದ್ಯಂತ ಪಾನನಿರೋಧ ಜಾರಿಯಾಯಿತು. ಮದ್ಯದ ವ್ಯಾಪಾರಕ್ಕೆ ಒಳ್ಳೆಯ ಮುಹೂರ್ತವೇನಲ್ಲ!

ಅವರು ಎದೆಗುಂದಲಿಲ್ಲ. 1826ರಷ್ಟು ಹಳೆಯದಾದ ಮದರಾಸಿನ ಮೆಕ್‌ಡೊವೆಲ್ ಕಂಪೆನಿಯನ್ನು 1951ರಲ್ಲಿ ಕೊಂಡರು. ಅದು ವಿಲಾಯತಿ ಮದ್ಯ, ಚುರುಟುಗಳನ್ನು ತರಿಸಿ ಮಾರುತ್ತಿದ್ದ ಸಂಸ್ಥೆ. ಸ್ವಾತಂತ್ರ್ಯಾನಂತರ ಆಮದಿಗೆ ಕಡಿವಾಣ ಬಿದ್ದಾಗ, ತರಿಸುವ ಬದಲು ಇಲ್ಲಿಯೇ ತಯಾರಿಸಲು ಮಲ್ಯರು ಹೊರಟರು. 1959ರಲ್ಲಿ ನಮ್ಮ ಕೇರಳದ ಚೇರ್ತಲದಲ್ಲಿ ಮೆಕ್‌ಡೊವೆಲ್ಲಿನ ಮೊದಲ ಭಟ್ಟಿ ಕಾರ್ಖಾನೆ ಎದ್ದಿತು. 1968ರಲ್ಲಿ ನಂಬರ್ ವನ್ ವಿಸ್ಕಿ ಹೊರಬಂತು.

ಸ್ಕಾಟ್ಲೆಂಡಿನ ಮಾಲ್ಟ್ ವಿಸ್ಕಿಗೆ ಬಾರ್ಲಿಯನ್ನು ಮೊಳಕೆ ಬರಿಸಿ, ಒಣಗಿಸಿ, ಹುಳಿಸಿ, ತಾಮ್ರದ ಹಂಡೆಯಲ್ಲಿ ಭಟ್ಟಿ ಇಳಿಸುತ್ತಾರೆ. ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಡುತ್ತಾರೆ. ನಮ್ಮಲ್ಲಿ ಅಗ್ಗದ ವಿಸ್ಕಿಗೆ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಇಳಿಸಿದ ಮದ್ಯಸಾರವೇ ಮೂಲ. ಅದಕ್ಕೆ ಅಷ್ಟಿಷ್ಟು ಮಾಲ್ಟ್ ಬೆರೆಸುವುದು ರೂಢಿ. ಕಾಕಂಬಿಯದನ್ನು ವಿಸ್ಕಿಯೆಂದು ಯುರೋಪು ಒಪ್ಪುವುದಿಲ್ಲ. ಆದರೆ ಬೆಲೆ ಇಳಿದದ್ದರಿಂದ ದೊರೆಗಳ ಕ್ಲಬ್ಬಿನ ಪಾನೀಯ ಸಾಮಾನ್ಯನ ಕೈಗೂ ಬಂತು. ಅದರೊಂದಿಗೆ ಕೆಲಸ ಬಂತು, ಸರಕಾರಕ್ಕೆ ಸುಂಕ ಬಂತು. ಕುಡಿತದಿಂದ ಮುರಿದ ಮನೆಗಳ ಲೆಕ್ಕವನ್ನು ಮಾತ್ರ ಯಾವ ಕಂಪೆನಿಯ ಪುಸ್ತಕವೂ ಬರೆದಿಡಲಿಲ್ಲ.

1977ರಲ್ಲಿ ಮೊರಾರ್ಜಿ ದೇಸಾಯಿ ಸರಕಾರ ಮತ್ತೆ ಪಾನನಿರೋಧಕ್ಕೆ ಹೊರಟಿತು. ಕಿಸಾನ್ ಜಾಮ್‌ನಂತಹ ಬೇರೆ ಉದ್ಯಮಗಳಿಗೂ ಕೈಹಾಕಿದ್ದ ಮಲ್ಯರು ಆ ಗಾಳಿಯನ್ನೂ ತಡೆದುಕೊಂಡರು. ಆಡಂಬರವಿಲ್ಲದ, ಮಿತಭಾಷಿ, ಲೆಕ್ಕದಲ್ಲಿ ಬಿಗಿಯಾದ ಮನುಷ್ಯರೆಂದೇ ಅವರ ಖ್ಯಾತಿ.

1983ರ ಅಕ್ಟೋಬರ್ 13ರಂದು, 59ರ ಪ್ರಾಯದಲ್ಲಿ ತೀರಿಕೊಂಡರು. ಉದ್ಯಮ ಪುತ್ರ ವಿಜಯ ಮಲ್ಯರ ಪಾಲಾಯಿತು. 2014ರಲ್ಲಿ ವಿಸ್ಕಿಯ ಕಂಪೆನಿ ಬ್ರಿಟನ್ನಿನ ಡಿಯಾಜಿಯೊ ಹಿಡಿತಕ್ಕೂ, 2021ರಲ್ಲಿ ಬಿಯರಿನದು ಹಾಲೆಂಡಿನ ಹೈನೆಕೆನ್ ಹಿಡಿತಕ್ಕೂ ಹೋದವು. ಬಿಳಿಯರಿಂದ ಕೊಂಡದ್ದು ಬಿಳಿಯರಿಗೇ ಮರಳಿತು. ಬೆಂಗಳೂರಿನ ಹಿಂದಿನ ಗ್ರ್ಯಾಂಟ್ ರಸ್ತೆ ಮಾತ್ರ ಇಂದಿಗೂ ವಿಠ್ಠಲ ಮಲ್ಯ ರಸ್ತೆ.