ಮಟ್ಟುಗಳ ಸಂಗ್ರಾಹಕ ಫ್ರಾನ್ಸಿಸ್ ಓನೀಲ್

ಯೂರೋಪಿನ ಪಶ್ಚಿಮದ ಅಂಚಿನಲ್ಲಿ, ಅಟ್ಲಾಂಟಿಕ್ ಸಾಗರದ ಅಲೆಗಳಿಗೆ ಮೈಯೊಡ್ಡಿ ನಿಂತಿರುವ ದ್ವೀಪ ಐರ್ಲೆಂಡ್. ಕೆಲ್ಟಿಕ್ ನುಡಿಗಳಲ್ಲಿ ಒಂದಾದ ಐರಿಷ್ ಭಾಷೆಯೂ ಅದರೊಡನೆ ಬೆಳೆದುಬಂದ ಜಾನಪದ ಸಂಗೀತವೂ ಆ ನಾಡಿನ ಬಡಜನರ ದೊಡ್ಡ ಆಸ್ತಿಯಾಗಿದ್ದವು. ಸಂಜೆಯ ಹೊತ್ತು ಯಾವುದಾದರೊಬ್ಬ ರೈತನ ಅಡುಗೆಮನೆಯಲ್ಲಿಯೋ ದಾರಿಗಳು ಕೂಡುವ ಬಯಲಿನಲ್ಲಿಯೋ ನೆರೆಹೊರೆಯವರು ಸೇರುತ್ತಿದ್ದರು. ಪಿಟೀಲು, ಮರದ ಕೊಳಲು ಅಥವಾ ಮೊಣಕೈಯಿಂದ ಒತ್ತಿ ಗಾಳಿ ತುಂಬುವ ಇಲ್ಲನ್ ಪೈಪ್ ಎಂಬ ಚೀಲವಾದ್ಯ, ಇವುಗಳಲ್ಲಿ ಒಂದಿದ್ದರೆ ಸಾಕು, ಕುಣಿತ ಮೊದಲಾಗುತ್ತಿತ್ತು. ಆರೆಣಿಕೆಯ ಜಿಗ್, ನಾಲ್ಕೆಣಿಕೆಯಲ್ಲಿ ಓಡುವ ರೀಲ್, ತೂಗಿ ತೂಗಿ ನಡೆಯುವ ಹಾರ್ನ್‌ಪೈಪ್ ಎಂದು ಆ ಕುಣಿತಗಳಿಗೆ ಬೇರೆ ಬೇರೆ ಹೆಸರು. ಒಂದೊಂದಕ್ಕೂ ನೂರಾರು ಮಟ್ಟುಗಳು. ವಿದ್ವಾಂಸರು ಕೆಲವು ಸಂಗ್ರಹಗಳನ್ನು ಹೊರತಂದಿದ್ದರಾದರೂ, ಈ ಮಟ್ಟುಗಳಲ್ಲಿ ಬಹುಪಾಲು ವಾದಕರ ನೆನಪಿನಲ್ಲಿ ಮಾತ್ರ ಇದ್ದವು. ವಾದಕನು ಸತ್ತರೆ ಅವನೊಡನೆ ಮಟ್ಟೂ ಮಣ್ಣಾಗುತ್ತಿತ್ತು.

1845ರಲ್ಲಿ ಆ ನಾಡಿನ ಆಲೂಗಡ್ಡೆಯ ಬೆಳೆಗೆ ಅಂಗಮಾರಿ ರೋಗ ತಗುಲಿತು. ಬಡವರ ಹೊಟ್ಟೆ ತುಂಬುತ್ತಿದ್ದುದೇ ಆ ಬೆಳೆಯಿಂದ. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನರು ಹಸಿವಿಗೂ ರೋಗಕ್ಕೂ ಬಲಿಯಾದರು. ಅಷ್ಟೇ ಜನರು ಹಡಗು ಹತ್ತಿ ದೇಶ ಬಿಟ್ಟರು. ಸತ್ತವರಲ್ಲಿ ವಾದಕರಿದ್ದರು, ಹೋದವರಲ್ಲಿಯೂ ಇದ್ದರು. ಇಂತಹ ಘೋರ ಕ್ಷಾಮದ ನಡುವೆ, 1848ರ ಆಗಸ್ಟ್ ತಿಂಗಳಲ್ಲಿ, ಕಾರ್ಕ್ ಸೀಮೆಯ ಬ್ಯಾಂಟ್ರಿ ಎಂಬ ಊರಿನ ಸಮೀಪದ ಟ್ರಾಲಿಬೇನ್ ಗ್ರಾಮದಲ್ಲಿ ಫ್ರಾನ್ಸಿಸ್ ಓನೀಲ್ ಜನಿಸಿದನು. ಅವನ ತಾಯಿಯ ತವರಿನಲ್ಲಿ ಸಂಚಾರಿ ವಾದಕರಿಗೆ ಎಂದೂ ಬಾಗಿಲು ಮುಚ್ಚಿದ್ದಿಲ್ಲ. ಅವರಿಂದ ಕೇಳಿ ಕಲಿತ ಮಟ್ಟುಗಳನ್ನು ತಾಯಿ ಮನೆಯಲ್ಲಿ ಗುನುಗುತ್ತಿದ್ದಳು. ನೆರೆಯ ರೈತನೊಬ್ಬನು ಬಾಲಕನಿಗೆ ಕೊಳಲು ನುಡಿಸುವುದನ್ನು ಹೇಳಿಕೊಟ್ಟನು. ಸ್ವರಲಿಪಿ ಬರೆಯುವ ವಿದ್ಯೆ ಮಾತ್ರ ಅವನಿಗೆ ಆಗಲೂ ದೊರೆಯಲಿಲ್ಲ, ಮುಂದೆಯೂ ಕೈಹತ್ತಲಿಲ್ಲ. ಆದರೆ ಒಮ್ಮೆ ಕಿವಿಗೆ ಬಿದ್ದ ಮಟ್ಟು ಅವನ ನೆನಪಿನಿಂದ ಜಾರುತ್ತಿರಲಿಲ್ಲ.

ಹದಿನಾರನೆಯ ವಯಸ್ಸಿನಲ್ಲಿ, 1865ರಲ್ಲಿ, ಅವನು ಮನೆ ಬಿಟ್ಟು ಹಡಗಿನ ಆಳಾಗಿ ಸೇರಿದನು. ಮುಂದಿನ ಕೆಲವು ವರ್ಷಗಳ ಕಥೆ ಯಾವ ಸಾಹಸದ ಕಾದಂಬರಿಗೂ ಕಡಿಮೆಯಿಲ್ಲ. ಅವನಿದ್ದ ಮಿನ್ನೆಹಾಹಾ ಎಂಬ ಹಡಗು ಪೆಸಿಫಿಕ್ ಸಾಗರದ ನಡುವೆ ಬೇಕರ್ ದ್ವೀಪದ ಬಳಿ ಒಡೆದುಹೋಯಿತು. ಗೊಬ್ಬರಕ್ಕಾಗಿ ಕಡಲ ಹಕ್ಕಿಗಳ ಹಿಕ್ಕೆಯನ್ನು ಅಗೆದು ಸಾಗಿಸುತ್ತಿದ್ದ ಬರಡು ದಿಬ್ಬ ಅದು. ಬದುಕುಳಿದವರನ್ನು ಹವಾಯಿಯ ನಾವಿಕರಿದ್ದ ಚಿಕ್ಕ ನೌಕೆಯೊಂದು ಹತ್ತಿಸಿಕೊಂಡಿತು. ಹೊನೊಲುಲು ತಲುಪಲು ಒಂದು ತಿಂಗಳಿಗೂ ಮೀರಿದ ಪಯಣ. ಅಷ್ಟು ಮಂದಿಗೆ ಸಾಲುವಷ್ಟು ಆಹಾರವಿಲ್ಲ. ಎಲ್ಲರೂ ಸೊರಗತೊಡಗಿದರು. ಆ ನೌಕೆಯ ಹವಾಯಿ ನಾವಿಕನೊಬ್ಬನ ಬಳಿ ಒಂದು ಕೊಳಲಿತ್ತು. ಓನೀಲ್ ಅದನ್ನು ಕೇಳಿ ಪಡೆದು ತನ್ನ ಹಳ್ಳಿಯ ಮಟ್ಟುಗಳನ್ನು ನುಡಿಸಿದನು. ಕೇಳಿ ಮರುಳಾದ ಆ ನಾವಿಕನು ಅಂದಿನಿಂದ ತನ್ನ ಪಾಲಿನ ಮೀನನ್ನೂ, ಕೆಸುವಿನ ಗೆಡ್ಡೆಯನ್ನು ಬೇಯಿಸಿ ಕುಟ್ಟಿ ಮಾಡಿದ ಪೋಯಿಯನ್ನೂ ದಿನವೂ ಅವನೊಡನೆ ಹಂಚಿಕೊಂಡನು. ಹೊನೊಲುಲುವಿನಲ್ಲಿ ಇಳಿಯುವಾಗ ಒಡನಾಡಿಗಳು ನಿತ್ರಾಣರಾಗಿದ್ದರು, ಓನೀಲ್ ಗಟ್ಟಿಯಾಗಿದ್ದನು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದಿದ್ದರೂ ಕಾರ್ಕ್ ಸೀಮೆಯ ಹಳ್ಳಿಯ ಹಾಡು ಅಲ್ಲಿ ಅನ್ನ ನೀಡಿತ್ತು.

ಅಮೆರಿಕದಲ್ಲಿ ಕೆಲಕಾಲ ಕುರಿ ಕಾಯ್ದು, ಕೆಲಕಾಲ ಮಿಸೌರಿ ಪ್ರಾಂತದ ಶಾಲೆಯೊಂದರಲ್ಲಿ ಪಾಠ ಹೇಳಿ, 1870ರಲ್ಲಿ ಆನಾ ರೋಜರ್ಸ್ ಎಂಬಾಕೆಯನ್ನು ಮದುವೆಯಾಗಿ ಓನೀಲರು ಷಿಕಾಗೋ ನಗರವನ್ನು ಸೇರಿದರು. 1873ರಲ್ಲಿ ಅಲ್ಲಿಯ ಪೊಲೀಸ್ ದಳದಲ್ಲಿ ಕೆಲಸ ದೊರೆಯಿತು. ಸೇರಿದ ಸ್ವಲ್ಪ ದಿನಗಳಲ್ಲೇ ಕಳ್ಳನೊಬ್ಬನನ್ನು ಹಿಡಿಯಲು ಹೋಗಿ ಗುಂಡೇಟು ತಿಂದರು. ಆ ಗುಂಡು ಕೊನೆಯವರೆಗೂ ಅವರ ಬೆನ್ನಿನಲ್ಲೇ ಉಳಿಯಿತು. ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ 1901ರಲ್ಲಿ ಅವರು ಆ ಮಹಾನಗರದ ಪೊಲೀಸ್ ಮುಖ್ಯಾಧಿಕಾರಿಯಾದರು. ಮುಷ್ಕರಗಳಿಂದ ಕುದಿಯುತ್ತಿದ್ದ ಊರದು. 1903ರ ಕೊನೆಯಲ್ಲಿ ಇರಾಕ್ವಾ ಎಂಬ ನಾಟಕಶಾಲೆಗೆ ಬೆಂಕಿ ಬಿದ್ದು ಸುಮಾರು ಆರುನೂರು ಜನ ಸತ್ತದ್ದೂ ಅವರ ಕಾಲದಲ್ಲಿಯೇ. ಇಂತಹ ಹೊಣೆಗಳ ನಡುವೆ ಅವರು ನಾಲ್ಕು ವರ್ಷ ಆ ಪದವಿಯಲ್ಲಿದ್ದು 1905ರಲ್ಲಿ ನಿವೃತ್ತರಾದರು.

ಆದರೆ ಓನೀಲರ ಹೆಸರು ಉಳಿದಿರುವುದು ಅಧಿಕಾರದಿಂದಲ್ಲ. ಕ್ಷಾಮದಿಂದ ಚದುರಿದ ಐರಿಷ್ ಜನರು ಷಿಕಾಗೋದಲ್ಲಿ ಸಾವಿರಗಟ್ಟಲೆ ನೆಲಸಿದ್ದರು. ಐರ್ಲೆಂಡಿನಲ್ಲಿದ್ದರೆ ಗಾಲ್ವೇ ಸೀಮೆಯವನ ಮಟ್ಟು ಕೆರ್ರಿಯವನಿಗೆ ಕೇಳಿಸುತ್ತಿರಲಿಲ್ಲ. ಮೇಯೋದವನು ಟಿಪ್ಪರರಿಯವನನ್ನು ಕಾಣುತ್ತಲೇ ಇರಲಿಲ್ಲ. ಇಲ್ಲಿಯಾದರೋ ನಾಲ್ಕು ಬೀದಿಗಳ ಅಂತರದಲ್ಲಿ ಎಲ್ಲ ಸೀಮೆಗಳ ವಾದಕರೂ ಇದ್ದರು. ಐರ್ಲೆಂಡಿನ ಸಂಗೀತವನ್ನು ಒಟ್ಟುಗೂಡಿಸಲು ಐರ್ಲೆಂಡಿಗಿಂತ ಷಿಕಾಗೋ ತಕ್ಕ ಸ್ಥಳವಾದದ್ದು ವಿಧಿಯ ವಿಚಿತ್ರವೇ ಸರಿ. ಆ ನಗರದ ಪೊಲೀಸ್ ದಳದಲ್ಲಿಯೇ ವಾದಕರು ಹಲವರಿದ್ದರು. ಅವರಲ್ಲೊಬ್ಬರು ಜೇಮ್ಸ್ ಓನೀಲ್. ಹೆಸರು ಒಂದೇ ಆದರೂ ಇವರು ಬಂಧುವಲ್ಲ, ಉತ್ತರ ಐರ್ಲೆಂಡಿನ ಕಡೆಯವರು. ಪಿಟೀಲಿನಲ್ಲಿ ನುರಿತಿದ್ದ ಇವರಿಗೆ ಸ್ವರಲಿಪಿ ಕರತಲಾಮಲಕವಾಗಿತ್ತು. ಫ್ರಾನ್ಸಿಸರು ತಮ್ಮ ನೆನಪಿನಲ್ಲಿದ್ದ ಮಟ್ಟುಗಳನ್ನು ಒಂದೊಂದಾಗಿ ನುಡಿಸುವರು ಅಥವಾ ಗುನುಗುವರು, ಜೇಮ್ಸರು ಬರೆದುಕೊಳ್ಳುವರು. ಅನಂತರ ಇತರ ವಾದಕರ ಸರದಿ. ಎಲ್ಲರೂ ಉದಾರಿಗಳಾಗಿರಲಿಲ್ಲ. ಅಪರೂಪದ ಮಟ್ಟನ್ನು ಬಚ್ಚಿಟ್ಟ ಚಿನ್ನದಂತೆ ಕಾಯುತ್ತಿದ್ದವರೂ ಇದ್ದರು. ಅವರನ್ನು ಒಲಿಸಿಕೊಳ್ಳುವುದಕ್ಕೆ ಪೊಲೀಸರ ಜಾಣತನವೂ ಹಳ್ಳಿಗನ ಸಹನೆಯೂ ಕೂಡಿಯೇ ಬೇಕಾಗುತ್ತಿದ್ದವು.

ಈ ದುಡಿಮೆಯ ಫಲವಾಗಿ 1903ರಲ್ಲಿ 1850 ಮಟ್ಟುಗಳ ಬೃಹತ್ ಸಂಗ್ರಹವೊಂದು ಪ್ರಕಟವಾಯಿತು. ಅದರಲ್ಲಿ 415 ಜೋಡಿ ಜಿಗ್‌ಗಳೂ, 380 ರೀಲ್‌ಗಳೂ, 225 ಹಾರ್ನ್‌ಪೈಪ್‌ಗಳೂ ಇದ್ದವು. 1907ರಲ್ಲಿ ಕುಣಿತದ ಮಟ್ಟುಗಳನ್ನಷ್ಟೇ ಆಯ್ದು 1001ರ ಇನ್ನೊಂದು ಸಂಗ್ರಹ ಹೊರಬಂದಿತು. ಈ ಎರಡನೆಯದು ವಾದಕರ ನಡುವೆ ಎಷ್ಟು ಬಳಕೆಗೆ ಬಂದಿತೆಂದರೆ, ಬರಿಯ ಪುಸ್ತಕ ಎಂದರೆ ಸಾಕು, ಎಲ್ಲರಿಗೂ ಅದೇ ಎಂದು ಅರ್ಥವಾಗುತ್ತಿತ್ತು.

ಹೀಗಿದ್ದರೂ ಕಾಗದಕ್ಕೆ ಒಂದು ಮಿತಿಯುಂಟು. ಸ್ವರಲಿಪಿ ಮಟ್ಟಿನ ಎಲುಬುಗಳನ್ನು ಮಾತ್ರ ತೋರಿಸುತ್ತದೆ. ವಾದಕನು ಬೆರಳನ್ನು ಮಿಂಚಿನಂತೆ ಆಡಿಸಿ ಸ್ವರವನ್ನು ಕತ್ತರಿಸುವುದು, ಒಂದು ಸ್ವರದ ಸುತ್ತ ನೆರೆಸ್ವರಗಳನ್ನು ಉರುಳಿಸುವುದು, ಕುಣಿಯುವವರ ಹೆಜ್ಜೆಗೆ ತಕ್ಕಂತೆ ಲಯವನ್ನು ಕೂದಲೆಳೆಯಷ್ಟು ಎಳೆಯುವುದು, ಇವು ಯಾವುವೂ ಐದು ಗೆರೆಗಳ ನಡುವೆ ನಿಲ್ಲುವುದಿಲ್ಲ. ಅಲ್ಲದೆ, ಒಂದೇ ಮಟ್ಟನ್ನು ಹತ್ತು ಜನ ಹತ್ತು ಬಗೆಯಾಗಿ ನುಡಿಸುತ್ತಿದ್ದರು. ಪುಸ್ತಕದಲ್ಲಿ ಒಂದು ಬಗೆಯನ್ನು ಅಚ್ಚುಮಾಡಿದರೆ ಉಳಿದವು ಮೂಲೆಗೆ ಸರಿಯುತ್ತಿದ್ದವು. ಇದನ್ನು ಅರಿತೇ ಓನೀಲರು ಆ ಕಾಲದ ಹೊಸ ಯಂತ್ರವೊಂದರ ಕಡೆ ತಿರುಗಿದರು.

ಎಡಿಸನ್ ಮಹಾಶಯರು 1877ರಲ್ಲಿ ಫೋನೋಗ್ರಾಫ್ ಯಂತ್ರವನ್ನು ಕಂಡುಹಿಡಿದಿದ್ದರು. ಕೆಲವೇ ದಶಕಗಳಲ್ಲಿ ಅದು ಮನೆಗಳಿಗೆ ಬಂದಿತು. ಅದರಲ್ಲಿ ಮೇಣದ ಉರುಳೆಯೊಂದು ತಿರುಗುತ್ತಿರುತ್ತದೆ. ವಾದಕನು ಕಹಳೆಯಂತಹ ಬಾಯಿಯ ಮುಂದೆ ಕುಳಿತು ನುಡಿಸಬೇಕು. ನಾದದ ಅಲೆಗಳು ಕಹಳೆಯ ತುದಿಯಲ್ಲಿರುವ ತೆಳುತಟ್ಟೆಯನ್ನು ನಡುಗಿಸುತ್ತವೆ. ಅದಕ್ಕೆ ತಗುಲಿದ ಮೊನೆ ಮೇಣದ ಮೇಲೆ ಸಣ್ಣ ಗೀರನ್ನು ಕೊರೆಯುತ್ತದೆ. ಮತ್ತೊಂದು ಮೊನೆಯನ್ನು ಅದೇ ಗೀರಿನಲ್ಲಿ ಓಡಿಸಿದರೆ ನಾದ ಮರಳಿ ಕೇಳಿಸುತ್ತದೆ. ವಿದ್ಯುತ್ತಿನ ನೆರವು ಇದಕ್ಕೆ ಬೇಕಿರಲಿಲ್ಲ. ಒಂದು ಉರುಳೆ ಸುಮಾರು ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಮನೆಯಲ್ಲಿ ಕೊರೆದ ಉರುಳೆಯಿಂದ ಪ್ರತಿಗಳನ್ನು ತೆಗೆಯುವುದು ಸುಲಭವಾಗಿರಲಿಲ್ಲವಾದ್ದರಿಂದ, ಹತ್ತು ಉರುಳೆ ಬೇಕಾದರೆ ಹತ್ತು ಸಲ ನುಡಿಸಬೇಕಾಗಿತ್ತು. ಪ್ರತಿ ಸಲ ಕೇಳಿದಾಗಲೂ ಗೀರು ಸ್ವಲ್ಪ ಸವೆಯುತ್ತಿತ್ತು. ತೇವ ತಗುಲಿದರೆ ಮೇಣಕ್ಕೆ ಬೂಷ್ಟು ಹಿಡಿಯುತ್ತಿತ್ತು.

ಇಷ್ಟು ನಾಜೂಕಾದ ವಸ್ತುವಿನ ಮೇಲೆ ಆ ಕಾಲದ ಶ್ರೇಷ್ಠ ವಾದಕರ ನುಡಿತವನ್ನು ಹಿಡಿದಿಡಲಾಯಿತು. ಅವರಲ್ಲಿ ಅಗ್ರಗಣ್ಯನು ಪ್ಯಾಟ್ಸಿ ಟೂಹಿ. ಗಾಲ್ವೇ ಸೀಮೆಯಲ್ಲಿ 1865ರಲ್ಲಿ ಹುಟ್ಟಿ, ಎಳೆತನದಲ್ಲಿಯೇ ಅಮೆರಿಕಕ್ಕೆ ಬಂದು, ರಂಗಮಂದಿರಗಳಲ್ಲಿ ಇಲ್ಲನ್ ಪೈಪ್ ನುಡಿಸಿ ಹೆಸರಾದವನು. 1893ರ ಷಿಕಾಗೋ ವಿಶ್ವಮೇಳದಲ್ಲಿಯೂ ನುಡಿಸಿದ್ದನು. ಜಾನ್ ಮೆಕ್‌ಫ್ಯಾಡನ್ನನ ಪಿಟೀಲೂ ಜೇಮ್ಸ್ ಅರ್ಲಿಯ ಪೈಪೂ ಜೊತೆಗೂಡಿದ ನುಡಿತ ಇನ್ನೊಂದು. ಮೆಕ್‌ಫ್ಯಾಡನ್ನನಿಗೆ ಶಾಸ್ತ್ರದ ತರಬೇತಿ ಇರಲಿಲ್ಲ. ಆತನ ಹಸ್ತಕ್ಕೆ ಮಾತ್ರ ಸಮನಿರಲಿಲ್ಲ. ಟೂಹಿಯ ನಾದ ತುಂಬಿದ ಉರುಳೆಗಳನ್ನು ಓನೀಲರು ಐರ್ಲೆಂಡಿನಲ್ಲಿದ್ದ ವಿದ್ವಾಂಸ ಪಾದ್ರಿ ರಿಚರ್ಡ್ ಹೆನ್‌ಬ್ರಿಯವರಿಗೆ ಕಳುಹಿಸಿದರು. ದೇಶ ಬಿಟ್ಟು ಹೋದ ಸಂಗೀತವು ಮೇಣದ ಮೇಲೇರಿ ಸಾಗರ ದಾಟಿ ತವರಿಗೆ ಬಂದಂತಾಯಿತು. ತವರಿನ ಸ್ಥಿತಿ ಆಗ ಚೆನ್ನಾಗಿರಲಿಲ್ಲ. 1906ರಲ್ಲಿ ಓನೀಲರು ಐರ್ಲೆಂಡಿಗೆ ಹೋಗಿ ನೋಡಿದಾಗ ಹಳೆಯ ವಾದಕರು ವಿರಳವಾಗಿದ್ದರು; ಇದ್ದವರಿಗೂ ಆದರವಿರಲಿಲ್ಲ. ಅವರು ನೊಂದು ಮರಳಿದರು.

ಮನೆಯೊಳಗೆ ಅದಕ್ಕಿಂತಲೂ ದೊಡ್ಡ ನೋವಿತ್ತು. ಓನೀಲ್ ದಂಪತಿಗಳು ತಮ್ಮ ಹತ್ತು ಮಕ್ಕಳಲ್ಲಿ ಹಲವರನ್ನು ಕಳೆದುಕೊಂಡಿದ್ದರು. 1904ರಲ್ಲಿ ಹದಿನೆಂಟು ವರ್ಷದ ಮಗ ರೋಜರ್ಸ್ ಮಿದುಳುಪೊರೆಯ ಉರಿಯೂತದಿಂದ ತೀರಿಕೊಂಡನು. ತಾಯಿಯ ದುಃಖ ಎಂದಿಗೂ ಆರಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಸಂಗೀತ ನಿಂತುಹೋಯಿತು. ಸಾವಿರಾರು ಮಟ್ಟುಗಳನ್ನು ಲೋಕಕ್ಕೆ ಕೊಟ್ಟವರು ತಮ್ಮ ಸ್ವಂತ ಸೂರಿನಡಿಯಲ್ಲಿ ಕೊಳಲನ್ನು ತುಟಿಗಿಡುವಂತಿರಲಿಲ್ಲ. ಪತ್ನಿಯ ಮನಸ್ಸನ್ನು ಅವರು ನೋಯಿಸಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ನುಡಿಸಲಾಗದ ಮನೆಯಲ್ಲಿ ಕುಳಿತು ಬರೆದರು. 1910ರಲ್ಲಿ ಐರಿಷ್ ಜಾನಪದ ಸಂಗೀತದ ಬಗೆಗಿನ ಗ್ರಂಥ, 1913ರಲ್ಲಿ ವಾದಕರ ಜೀವನಚರಿತ್ರೆಗಳ ದೊಡ್ಡ ಸಂಪುಟ, 1922ರಲ್ಲಿ ಇನ್ನೊಂದು ಮಟ್ಟುಗಳ ಸಂಗ್ರಹ ಪ್ರಕಟವಾದವು. ಯಾರೂ ಲೆಕ್ಕಕ್ಕಿಡದ ಕುರುಡು ವಾದಕರು, ಊರೂರು ಅಲೆದ ಬಡ ವಾದಕರು ಆ ಜೀವನಚರಿತ್ರೆಗಳಲ್ಲಿ ಹೆಸರು ಹಿಡಿದು ನಿಂತರು.

ಅಷ್ಟರಲ್ಲಿ ಕಾಲ ಬದಲಾಗಿತ್ತು. 1916ರಲ್ಲಿ ನ್ಯೂಯಾರ್ಕಿನಲ್ಲಿ ಅಂಗಡಿ ಇಟ್ಟಿದ್ದ ಎಲೆನ್ ಓಬರ್ನ್ ಡಿವಿಟ್ ಎಂಬ ಐರಿಷ್ ಮಹಿಳೆಯ ಒತ್ತಾಯದಿಂದ ಕೊಲಂಬಿಯಾ ಕಂಪನಿಯು ಕುಣಿತದ ಮಟ್ಟುಗಳ ತಟ್ಟೆಯೊಂದನ್ನು ಹೊರತಂದಿತು. ಗಿರಾಕಿಗಳು ಮುಗಿಬಿದ್ದು ಕೊಂಡರು. 1921ರಿಂದ ಸ್ಲೈಗೋ ಸೀಮೆಯ ಪಿಟೀಲುಗಾರ ಮೈಕೆಲ್ ಕೋಲ್ಮನ್ನನ ತಟ್ಟೆಗಳು ಬರತೊಡಗಿ, ಅವು ಐರ್ಲೆಂಡಿನ ಹಳ್ಳಿ ಹಳ್ಳಿಗೂ ತಲುಪಿದವು. ಹಳ್ಳಿಯ ಹುಡುಗರು ಪಕ್ಕದ ಮನೆಯ ವಾದಕನನ್ನು ಬಿಟ್ಟು ತಟ್ಟೆಯಿಂದಲೇ ಕಲಿಯಲು ಮೊದಲುಮಾಡಿದರು. ಸೀಮೆಗೊಂದರಂತೆ ಇದ್ದ ಶೈಲಿಗಳಲ್ಲಿ ಕೆಲವು ಇದರಿಂದ ಮಸುಕಾದದ್ದೂ ನಿಜ.

1931ರಲ್ಲಿ ಓನೀಲರು ತಮ್ಮ ಪುಸ್ತಕ ಭಂಡಾರವನ್ನು ನೋಟರ್ ಡೇಮ್ ವಿಶ್ವವಿದ್ಯಾನಿಲಯಕ್ಕೆ ದಾನ ಮಾಡಿದರು. 1936ರ ಜನವರಿಯಲ್ಲಿ ಷಿಕಾಗೋದಲ್ಲಿ ನಿಧನರಾದರು. ಅವರ ಬಳಿಯಿದ್ದ ಮೇಣದ ಉರುಳೆಗಳ ಸುಳಿವು ಬಹುಕಾಲ ಯಾರಿಗೂ ಸಿಗಲಿಲ್ಲ. ಅವೆಲ್ಲ ಹಾಳಾದವೆಂದೇ ತಿಳಿಯಲಾಗಿತ್ತು. ಆದರೆ ಮಿಲ್ವಾಕಿ ನಗರದ ವಾದಕ ಮಿತ್ರರೊಬ್ಬರಿಗೆ ಅವರು ಕೆಲವನ್ನು ಕೊಟ್ಟಿದ್ದರು. ಆ ಮನೆತನದವರು ಅವನ್ನು ತಲೆಮಾರುಗಳ ಕಾಲ ಜೋಪಾನ ಮಾಡಿದ್ದರು. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಮೂವತ್ತರಷ್ಟು ಉರುಳೆಗಳು ಅಲ್ಲಿಯ ವಾರ್ಡ್ ಐರಿಷ್ ಸಂಗೀತ ಭಂಡಾರವನ್ನು ಸೇರಿದವು. ತಜ್ಞರು ಅವುಗಳ ನಾದವನ್ನು ಎಚ್ಚರಿಕೆಯಿಂದ ಹೊಸ ಯಂತ್ರಗಳಿಗೆ ಇಳಿಸಿದರು. ಈಗ ಅವುಗಳನ್ನು ಕೇಳಿದರೆ ಮೊದಲು ಮಳೆ ಸುರಿದಂತಹ ಗೊರಗೊರ ಸದ್ದು, ಅದರ ಹಿಂದಿನಿಂದ ಟೂಹಿಯ ಪೈಪು, ಮೆಕ್‌ಫ್ಯಾಡನ್ನನ ಪಿಟೀಲು. ಎರಡು ನಿಮಿಷ ತುಂಬುವಷ್ಟರಲ್ಲಿ ಮೇಣ ಮುಗಿಯುತ್ತದೆ.